ಅಕ್ಕನನ್ನು ಹೊಳ್ಳಿ ಕಳಿಸಿದವನು

೧೯೮೦ರಲ್ಲಿ ನಾನು ಸಾಲಿ ಬಿಟ್ಟೆ. ಏಳನೆಯ ಇಯತ್ತೆ ಮುಗಿದಿತ್ತು, ಎಂಟಕ್ಕೆ ಹೆಸರು ಹಚ್ಚಿದ್ದೆ. ಅದೇ ವರ್ಷ ನಮ್ಮ ಅಕ್ಕನನ್ನು ಬೇವೂರಿಗೆ ಕೊಟ್ಟರು. ಅಲ್ಲಿಯತನಕ ನಮ್ಮ ಮನೆಯ ರಾಟಿಯ ಮುಂದೆ ಕೂತು ಮಗ್ಗಕ್ಕೆ ನೂಲು ಸುತ್ತಿ ಕೊಡುತ್ತಿದ್ದವಳು ಅವಳೇ. ಅವಳು ಹೋದ ಮೇಲೆ ಆ ಜಾಗ ಖಾಲಿ ಬಿತ್ತು. ಮಗ್ಗ ನಿಲ್ಲಿಸುವಂತಿರಲಿಲ್ಲ. ಅಪ್ಪ ನನ್ನ ಕಡೆ ನೋಡಿದರು, ನಾನು ಪಾಟಿಚೀಲ ಗೂಟಕ್ಕೆ ಸಿಗಿಸಿ ರಾಟಿಯ ಮುಂದೆ ಕೂತೆ. ಇದನ್ನು ಅಳುವುದಕ್ಕೆ ಹೇಳುತ್ತಿಲ್ಲ. ಇಳಕಲ್ಲಿನಲ್ಲಿ ಇವತ್ತು ನನ್ನ ಮಗ್ಗದ ಸೀರೆಯ ಬೆಲೆ ಕೇಳುವವರಿದ್ದಾರೆ, ಚೌಕಾಶಿ ಮಾಡುವವರಿಲ್ಲ.

ನಾನು ಎದ್ದು ಬಂದ ಬೆಂಚಿನ ಮೇಲೆ ನನ್ನ ಮಗ್ಗುಲಿಗೆ ಕೂಡುತ್ತಿದ್ದವನು ಮುಂದೆ ಓದಿದ. ಕನ್ನಡ ಮಾಸ್ತರನಾದ. ಹುನಗುಂದದಲ್ಲಿ ಮನೆ ಕಟ್ಟಿಸಿದ. ಕೊನೆಯ ಕೆಲವು ವರ್ಷ ಟಿವಿ ಧಾರಾವಾಹಿಗೆ ಮಾತು ಬರೆಯುವವನೆಂದು ಬಾದಾಮಿಯಿಂದ ಬಾಗಲಕೋಟೆಯತನಕ ಹೆಸರಾದ. ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲ ಇರುವಾಗಲೇ ಈ ಬೇಸಿಗೆಯಲ್ಲಿ ತೀರಿಕೊಂಡ. ಈಗ ಅವನ ಶಿಷ್ಯರು ನೆನಪಿನ ಪುಸ್ತಕವೊಂದನ್ನು ತರುತ್ತಿದ್ದಾರೆ. ಅವರಲ್ಲಿ ಒಬ್ಬರು, ಕಾಲೇಜಿನಲ್ಲಿ ಪಾಠ ಹೇಳುವವರು, ನಮ್ಮ ಮಗ್ಗದ ಮನೆಗೇ ಬಂದು ಕೂತರು.

“ಕಾಕಾ, ನೀವು ಸರ್ ಅವರ ಸಣ್ಣಂದಿನ ದೋಸ್ತರು. ನಾಕು ಪುಟ ಬರಕೊಡ್ರಿ. ಅಷ್ಟ, ಬಹುವಚನದಾಗ ಬರೀರಿ.”

“ಸಾಯೂತನಕಾ ಅವನ್ನ ಲೇ ಅಂದೀನಿ. ಈಗ ಬಹುವಚನ ಹಚ್ಚಿದ್ರ ಯಾರೋ ಏನೋ ಅಂತ ತಿರುಗಿ ನೋಡ್ಯಾನು.”

ಅವರು ನಕ್ಕರು. ಒಳ್ಳೆಯದನ್ನಷ್ಟೇ ಬರೆಯಿರಿ ಎಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮುಖ ಅದನ್ನೇ ಹೇಳುತ್ತಿತ್ತು. ನನಗೆ ಗೊತ್ತಿರುವುದನ್ನು ಬರೆಯುತ್ತೇನೆ. ಬೇಕಾದರೆ ಹಾಕಲಿ.

ಅವನು ಕೂಡುವ ರೀತಿಯಿಂದ ಶುರು ಮಾಡುತ್ತೇನೆ. ಕುರ್ಚಿಯ ಮೇಲೆ ಮೊದಲು ಕರವಸ್ತ್ರ ಹಾಸುತ್ತಿದ್ದ. ನಮ್ಮ ಮನೆಯ ಕುರ್ಚಿಯ ಮೇಲೂ ಹಾಸುತ್ತಿದ್ದ. ನಾವು ಅದೇ ಕುರ್ಚಿಯ ಮೇಲೆ ಬರಿಯ ಧೋತರದಲ್ಲಿ ಕೂತು ಎದ್ದವರು. ಆಮೇಲೆ ಫೋನು ತೆಗೆದು ತೊಡೆಯ ಮೇಲೆ ಬೋರಲು ಇಡುತ್ತಿದ್ದ. ಎಲ್ಲರೂ ಫೋನನ್ನು ಮುಖ ಮೇಲೆ ಮಾಡಿ ಇಡುತ್ತಾರೆ, ಇವನೇಕೆ ಬೋರಲು ಇಡುತ್ತಾನೆ ಎಂದು ನಾನು ಬಹಳ ದಿನ ಯೋಚಿಸಲಿಲ್ಲ. ಅದು ಬೋರಲು ಬಿದ್ದುಕೊಂಡೇ ನಮ್ಮ ಮಾತು ರೆಕಾರ್ಡು ಮಾಡಿಕೊಳ್ಳುತ್ತಿತ್ತು. ಯಾರು ಏನು ಹೇಳಿದರೂ “ಅದ್ಭುತ” ಎನ್ನುತ್ತಿದ್ದ. ಚಾ ಕೊಟ್ಟರೆ ಅದ್ಭುತ. ನಮ್ಮಲ್ಲಿ ಕೆಲಸಕ್ಕೆ ಬರುವ ಮಲ್ಲವ್ವನ ಮೊಮ್ಮಗನಿಗೆ ಜ್ವರ ಬಂದು ಬಿಟ್ಟಿತು ಎಂದರೂ ಅದ್ಭುತ. ಒಮ್ಮೆ ಮಲ್ಲವ್ವ ಕೇಳಿಯೇ ಬಿಟ್ಟಳು: “ಸರ್, ಜ್ವರ ಬಂದಿದ್ದು ಅದ್ಭುತೋ, ಬಿಟ್ಟಿದ್ದು ಅದ್ಭುತೋ?”

ಅವನ ಟಿವಿ ಕೆಲಸ ಏನು ಎಂಬುದನ್ನು ಊರಲ್ಲಿ ಯಾರೂ ಸರಿಯಾಗಿ ತಿಳಿದಿರಲಿಲ್ಲ. ಇಡೀ ಧಾರಾವಾಹಿಯನ್ನು ಇವನೇ ಬರೆಯುತ್ತಾನೆ ಎಂದು ನಂಬಿದ್ದರು. ಅವನೂ ಅಲ್ಲ ಎನ್ನುತ್ತಿರಲಿಲ್ಲ. ನಿಜ ಇಷ್ಟು: ನಮ್ಮ ಕಡೆಯ ಕಥೆಯೆಂದು ಒಂದು ದಿನನಿತ್ಯದ ಧಾರಾವಾಹಿ ಶುರುವಾಗಿತ್ತು. ಅದನ್ನು ಬರೆಯುವವರು ಬೆಂಗಳೂರಿನಲ್ಲಿ ಕೂತು ತಮ್ಮ ಕನ್ನಡದಲ್ಲಿ ಬರೆದು ಇವನ ಫೋನಿಗೆ ಕಳಿಸುತ್ತಿದ್ದರು. ಇವನು ಅದನ್ನು ನಮ್ಮ ಮಾತಿಗೆ ತಿರುಗಿಸಿ ಸಂಜೆಯೊಳಗೆ ಹೊಳ್ಳಿ ಕಳಿಸಬೇಕು. ‘ಏನು ಮಾಡುತ್ತಿದ್ದೀಯಾ’ ಎಂದು ಬಂದದ್ದು ‘ಏನ್ ಮಾಡಾಕತ್ತೀಲೇ ಮಗನ’ ಎಂದು ಹೋಗುತ್ತಿತ್ತು. ‘ಮಗನ’ ಯಾರೂ ಕೇಳಿರಲಿಲ್ಲ, ಅದು ಇವನು ಹಚ್ಚಿದ ಒಗ್ಗರಣೆ. ಸೀನಿಗೆ ಇಷ್ಟು ಸಲ ‘ಯವ್ವಾ’ ಬರಲೇಬೇಕು ಎಂದು ಮೇಲಿನವರು ಹೇಳಿದ್ದರಂತೆ. ಇವನು ಅದಕ್ಕಿಂತ ಒಂದು ಹೆಚ್ಚೇ ಹಾಕುತ್ತಿದ್ದ.

ಆ ಧಾರಾವಾಹಿಯನ್ನು ನಾನು ನೋಡಿದ್ದೇನೆ. ನೋಡದೆ ಬೈಯುವವನಲ್ಲ ನಾನು. ಅಲ್ಲೊಂದು ದೊಡ್ಡ ಮನೆ. ಆ ಮನೆಯ ಮಂದಿ ಏನು ಮಾಡಿ ಹೊಟ್ಟೆ ಹೊರೆಯುತ್ತಾರೆ ಎಂಬುದು ಕೊನೆಯತನಕ ಗೊತ್ತಾಗಲಿಲ್ಲ. ಹೊಲ ಇದೆ ಎನ್ನುತ್ತಾರೆ, ಯಾರ ಕಾಲಿಗೂ ಎರೆಮಣ್ಣು ಹತ್ತುವುದಿಲ್ಲ. ಫ್ಯಾಕ್ಟರಿ ಇದೆ ಎನ್ನುತ್ತಾರೆ, ಹಿರಿಯ ಮಗ ಕೋಟು ಹಾಕಿಕೊಂಡು ಇಡೀ ದಿನ ನಾಷ್ಟಾದ ಟೇಬಲ್ಲಿನ ಮುಂದೇ ಇರುತ್ತಾನೆ. ಆಗಾಗ ಯಾರೋ ಒಂದು ಫೈಲು ತಂದು ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಹೆಂಗಸರ ಕೆಲಸ ಬಾಗಿಲ ಹಿಂದೆ ನಿಂತು ಕೇಳುವುದು. ದುಡಿಮೆ ಎಂಬುದು ಆ ಮನೆಗೆ ಅಂಟಿದ ರೋಗವೇನೋ ಎಂಬಂತೆ ಅದನ್ನು ಕ್ಯಾಮರಾದಿಂದ ದೂರ ಇಟ್ಟಿದ್ದರು. ದುಡಿಯುವವರನ್ನು ತೋರಿಸಿದರೆ ಜಗಳಕ್ಕೆ ಹೊತ್ತು ಸಿಗುವುದಿಲ್ಲ, ಅದು ಅವರಿಗೆ ಗೊತ್ತು. ನಮ್ಮ ಓಣಿಯಲ್ಲಿ ಅತ್ತೆ ಸೊಸೆಗೆ ಜಗಳ ಇಲ್ಲವೇ? ಇದೆ. ಆದರೆ ಇಬ್ಬರೂ ಒಂದೇ ಮಗ್ಗಕ್ಕೆ ಕೈ ಹಚ್ಚಬೇಕು, ಹಾಗಾಗಿ ಮಧ್ಯಾಹ್ನದೊಳಗೆ ಜಗಳ ಮುಗಿಸಿಕೊಳ್ಳುತ್ತಾರೆ.

ಇನ್ನೊಂದು ಮಾತು. ಆ ಮನೆಯಲ್ಲಿ ಅಣ್ಣ ತಂಗಿ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ಒಂದೇ ಅಂಗಳದಲ್ಲಿ ಬೆಳೆದವರು. ತಂಗಿ ನಾಯಕಿ, ಅವಳ ಬಾಯಲ್ಲಿ ಮೈಸೂರು ಕಡೆಯ ನಯವಾದ ಮಾತು. ಅಣ್ಣ ನಗಿಸುವವನು, ಅವನ ಬಾಯಲ್ಲಿ ನಮ್ಮ ಮಾತು. ಪ್ರೀತಿ ಮಾಡುವವರು, ತ್ಯಾಗ ಮಾಡುವವರು, ಕೋರ್ಟಿನಲ್ಲಿ ಗೆಲ್ಲುವವರು ಒಬ್ಬರೂ ನಮ್ಮಂತೆ ಮಾತಾಡುವುದಿಲ್ಲ. ಅಡಿಗೆಯವಳು, ಡ್ರೈವರ್, ಹೊಡೆದಾಟದವನು, ಸೋದರತ್ತೆ, ಇವರು ಮಾತ್ರ ನಮ್ಮವರು. ಇವರು ಕೂತಾಗ ನಿಂತಾಗ ರೊಟ್ಟಿ ಹಿಡಿದು ಉಳ್ಳಾಗಡ್ಡಿ ಗುದ್ದಿ ಒಡೆಯುತ್ತಿರಬೇಕು. ಇದನ್ನು ಅವನಿಗೆ ಹೇಳಿದೆ.

“ಜನಾ ಕೇಳ್ತಾರ ದೋಸ್ತ,” ಅಂದ.

“ನಾ ಜನ ಅಲ್ಲೇನಲೇ?”

“ನೀ ಜನ ಅಲ್ಲ. ನೀ ನೇಕಾರ.”

ಈ ಮಾತನ್ನು ಅವನು ಹೊಗಳಿಕೆಯೆಂದು ತಿಳಿದು ಹೇಳಿದ್ದ. ಅವನ ಬುದ್ಧಿ ಹಾಗೆ ಓಡುತ್ತಿತ್ತು.

ಈಗ ನಮ್ಮ ಮಗ್ಗದ ಮನೆಗೆ ಅವನು ಯಾಕೆ ಬರುತ್ತಿದ್ದ ಎಂಬುದು. ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ಎಳೆಗಳಿಗೆ ಹಾಸು ಎನ್ನುತ್ತೇವೆ. ಇಳಕಲ್ ಸೀರೆಯ ಮೈ ಒಂದು ಹಾಸು, ಸೆರಗು ಇನ್ನೊಂದು ಹಾಸು. ಮೈಯ ನೂಲು ಹತ್ತಿಯದಾದರೆ ಸೆರಗಿನದು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತೇವೆ. ಕೊಂಡಿಯ ದಿನ ಮಗ್ಗ ಬಡಿಯುವುದಿಲ್ಲ. ಹೆಂಗಸರು ಸುತ್ತ ಕೂಡುತ್ತಾರೆ, ಬೆರಳು ತಾನೇ ಓಡುತ್ತಿರುತ್ತದೆ, ಬಾಯಿ ಖಾಲಿ. ಬೇರೆ ದಿನ ಲಾಳಿಯ ಸಪ್ಪಳದಲ್ಲಿ ಕೂಗಿದರೂ ಕೇಳದ ಮನೆಯಲ್ಲಿ ಅವತ್ತು ಪಿಸುಮಾತೂ ಕೇಳುತ್ತದೆ. ಇದು ಅವನಿಗೆ ಗೊತ್ತಿತ್ತು. ಬರುವ ಮೊದಲು ಫೋನು ಮಾಡುತ್ತಿದ್ದ: “ಇವತ್ತ ಕೊಂಡಿ ಐತೇನು?” ಸೀರೆ ಕೊಳ್ಳುವುದಕ್ಕೆ ಅವನು ಒಮ್ಮೆಯೂ ಫೋನು ಮಾಡಿದವನಲ್ಲ.

ಕೊಂಡಿಯ ದಿನ ಮಾತಾಡುವವಳು ಅಕ್ಕ. ಬೇವೂರಿಗೆ ಹೋದ ಅಕ್ಕ ನಾಲ್ಕು ವರ್ಷಕ್ಕೆ ಹೊಳ್ಳಿ ಬಂದಿದ್ದಳು. ಬಂದವಳು ನನ್ನನ್ನು ರಾಟಿಯಿಂದ ಎಬ್ಬಿಸಿ ಮಗ್ಗಕ್ಕೆ ಕೂರಿಸಿ ತನ್ನ ಜಾಗ ತಾನು ಹಿಡಿದಳು. ಅಂದಿನಿಂದ ಅಲ್ಲೇ ಇದ್ದಾಳೆ. ಮಗ್ಗದ ಮನೆಯ ಮೂಲೆಯಲ್ಲಿ ಒಂದು ಟಿವಿ ಇತ್ತು. ಮಧ್ಯಾಹ್ನ ಹಿಂದಿನ ರಾತ್ರಿಯ ಧಾರಾವಾಹಿಗಳನ್ನು ಮತ್ತೆ ಹಾಕುತ್ತಾರಲ್ಲ, ಹೆಂಗಸರು ಅದನ್ನು ನೋಡುತ್ತಿದ್ದರು. ಹೆಂಗಸರು ಟಿವಿ ನೋಡುತ್ತಿದ್ದರು, ಆದರೆ ಕೇಳುತ್ತಿದ್ದುದು ಅಕ್ಕನನ್ನು.

“ನೋಡವ್ವಾ ಮಲ್ಲವ್ವಾ, ಸೊಸಿ ಹಾಲು ತಂದ್ಲು. ಅದರಾಗ ವಿಷ ಐತಿ ಅಂತ ಇಡೀ ರಾಜ್ಯಕ್ಕ ಗೊತ್ತೈತಿ, ಕುಡಿಯಾಂವಗ ಒಬ್ಬಂಗ ಗೊತ್ತಿಲ್ಲ. ಸೋಮವಾರ ಹಿಡದ ಲೋಟ, ಇವತ್ತ ಗುರುವಾರ. ಆ ಹಾಲು ಇನ್ನೂ ಒಡದಿಲ್ಲೇನು?”

“ಕುಡೀತಾನೇನಬೇ ಅಕ್ಕಾ?”

“ಹ್ಯಾಂಗ ಕುಡೀತಾನ? ನಡುವ ಸಾಬಾಣ ಬರ್ತೈತಿ, ಅಕ್ಕಿ ಬರ್ತೈತಿ, ಬಂಗಾರದ ಅಂಗಡಿ ಬರ್ತೈತಿ. ಅವರೆಲ್ಲಾರೂ ಹೋದ ಮ್ಯಾಲೆ ಕುಡೀಬೇಕು.”

ಮಲಗುವಾಗಲೂ ಮೈತುಂಬ ಬಂಗಾರ ಹಾಕಿಕೊಂಡ ಸೊಸೆಯನ್ನು ನೋಡಿ “ಮಗ್ಗಲಾಗಿ ಮಲಗೂದಿಲ್ಲೇನು ಈಕಿ, ಚುಚ್ಚೂದಿಲ್ಲ?” ಎನ್ನುತ್ತಿದ್ದಳು. ಯಾರಾದರೂ ಕೆಟ್ಟ ಸುದ್ದಿ ಹೇಳಿದಾಗ ಕ್ಯಾಮರಾ ಒಬ್ಬೊಬ್ಬರ ಮುಖಕ್ಕೂ ಮೂರು ಮೂರು ಸಲ ಹೋಗುತ್ತದಲ್ಲ, ಆಗ “ಹಾಜರಿ ತಗೋಳಾಕತ್ಯಾರ” ಎನ್ನುತ್ತಿದ್ದಳು. ಹೆಂಗಸರು ನಕ್ಕು ಕೊಂಡಿ ತಪ್ಪಿಸುತ್ತಿದ್ದರು. ಕರವಸ್ತ್ರದ ಮೇಲೆ ಕೂತ ಇವನೂ ನಗುತ್ತಿದ್ದ, ಫೋನು ತೊಡೆಯ ಮೇಲೆ ಬೋರಲು ಬಿದ್ದಿರುತ್ತಿತ್ತು.

ಇದೆಲ್ಲ ಧಾರಾವಾಹಿಯ ಸೋದರತ್ತೆಯ ಬಾಯಿಗೆ ಹೋಗತೊಡಗಿತು. ಮೊದಮೊದಲು ಹೆಂಗಸರಿಗೆ ಹಿಗ್ಗು. “ಅಕ್ಕಾ, ನೀ ಮೊನ್ನೆ ಅಂದದ್ದು ಟಿವ್ಯಾಗ ಬಂತು.” ಅಕ್ಕ ಮೂಗು ಮುರಿದಳು. “ಬರ್ಲಿ. ನನಗೇನು ಖೋತಾ ಆತು.” ಅವನ ಬಗ್ಗೆ ಒಳ್ಳೆಯದೂ ಒಂದು ಹೇಳಬೇಕಾದರೆ ಇಲ್ಲೇ ಹೇಳುತ್ತೇನೆ. ಅವನಿಗೆ ಕಿವಿ ಇತ್ತು. ನಮ್ಮ ಮಾತನ್ನು ಬೇರೆ ಕಡೆ ಕೆಡಿಸಿದರೂ ಅಕ್ಕನ ಮಾತನ್ನು ಒಂದು ಅಕ್ಷರ ಹೆಚ್ಚು ಕಡಿಮೆ ಮಾಡುತ್ತಿರಲಿಲ್ಲ. ಅವಳು ಎಲ್ಲಿ ಉಸಿರು ಬಿಡುತ್ತಾಳೋ ಅಲ್ಲೇ ಆ ನಟಿಯೂ ಬಿಡುತ್ತಿದ್ದಳು. ಇಷ್ಟು ಚೆನ್ನಾಗಿ ಕೇಳಬಲ್ಲವನು ಇಷ್ಟು ಕಡಿಮೆ ತಿಳಿದುಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಂದು ಕೊಂಡಿಯ ದಿನ ಟಿವಿಯಲ್ಲಿ ಯಾವಳೋ ಸೊಸೆಯನ್ನು ಮನೆಯಿಂದ ಹೊರಗೆ ಹಾಕುತ್ತಿದ್ದರು. ಗುಡುಗು, ಮಳೆ, ಹೊಸ್ತಿಲ ಮೇಲೆ ಬಿದ್ದು ಅಳುವುದು. ಮಲ್ಲವ್ವ ಕೇಳಿದಳು, “ಅಕ್ಕಾ, ನೀ ಬಂದ ದಿನಾ ಹಿಂಗ ಆಗಿತ್ತೇನು?” ಯಾರೂ ಎಂದೂ ಕೇಳದ ಮಾತು. ಅಕ್ಕ ಕೈ ನಿಲ್ಲಿಸದೆ ಹೇಳಿದಳು. ಗಂಡ ಹಿಂದಿನ ಓಣಿಯಲ್ಲಿ ಇನ್ನೊಂದು ಮನೆ ಮಾಡಿದ್ದ. ದಿನಾ ಮುಂಜಾನೆ ಎಮ್ಮೆ ಹಿಂಡಿ ಆ ಮನೆಗೆ ಹಾಲು ಒಯ್ದು ಕೊಡುವುದು ಇವಳ ಕೆಲಸ.

“ಆವತ್ತೂ ಹಿಂಡಿದೆ. ಕ್ಯಾನ್ ತುಂಬಿ ಕಟ್ಟಿ ಮ್ಯಾಲೆ ಇಟ್ಟೆ. ಕೈ ತೊಳಕೊಂಡೆ. ‘ಅತ್ತಿ, ಹಾಲು ಇಲ್ಲಿ ಐತಿ, ಇನ್ನ ಮುಂದ ಒಯ್ಯಾಕ ಬ್ಯಾರೇದಾರನ್ನ ನೋಡ್ಕೋರಿ’ ಅಂದೆ. ಹೋಗಿ ಬಸ್ ಹತ್ತಿದೆ. ಯಾರೂ ಹೊರಗ ಹಾಕಲಿಲ್ಲ. ಮಳಿನೂ ಇರಲಿಲ್ಲ, ಬಿಸಲಿತ್ತು.”

“ಬಿಟ್ಟು ಬರಾಕಿ ಹಾಲು ಯಾಕ ಹಿಂಡಿದಿಬೇ?”

“ನಮ್ಮವ್ವನೂ ಹಿಂಗ ಕೇಳಿದ್ಲು. ಎಮ್ಮಿ ಏನ್ ತಪ್ಪು ಮಾಡಿತ್ತು? ಹಿಂಡದಿದ್ರ ಕೆಚ್ಚಲ ಕಟ್ಟತಿತ್ತು.”

ಮಗ್ಗದ ಮನೆಯಲ್ಲಿ ಯಾರೂ ನಗಲಿಲ್ಲ. ಮಲ್ಲವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಕರವಸ್ತ್ರದ ಮೇಲೆ ಕೂತವನು ಮೆಲ್ಲಗೆ “ಅದ್ಭುತ” ಅಂದ.

ಕೆಲವು ವಾರಕ್ಕೆ ಅದು ಟಿವಿಯಲ್ಲಿ ಬಂತು. ಸೋದರತ್ತೆ ಗಂಡನೊಡನೆ ಜಗಳ ಮಾಡಿಕೊಂಡು ತವರಿಗೆ ಓಡಿ ಬರುತ್ತಾಳೆ. ಕೈಯಲ್ಲಿ ಖಾಲಿ ಕ್ಯಾನು, ತಲೆಯ ಮೇಲೆ ಹುಲ್ಲಿನ ಕಡ್ಡಿ. ‘ಎಮ್ಮಿ ಏನ್ ತಪ್ಪು ಮಾಡಿತ್ತು’ ಎನ್ನುತ್ತಾಳೆ. ಹಿಂದಿನಿಂದ ಸ್ಪ್ರಿಂಗು ಜಿಗಿದಂತೆ ಒಂದು ಸಪ್ಪಳ. ಆಮೇಲೆ ಎಮ್ಮೆ ಒದರುತ್ತದೆ. ಮನೆಮಂದಿಯೆಲ್ಲ ನಗುತ್ತಾರೆ.

ನಾಡಿಗೆ ನಾಡೇ ನಕ್ಕಿತು. ಫೋನುಗಳಲ್ಲಿ ಹುಡುಗಿಯರು ಸೊಂಟಕ್ಕೆ ಕೈ ಇಟ್ಟು ಆ ಮಾತಿಗೆ ಬಾಯಾಡಿಸಿದರು. ಬಾದಾಮಿಯಲ್ಲಿ ಗುಡಿ ತೋರಿಸುವ ಗೈಡು ಕಲ್ಲಿನ ಬಸವಣ್ಣನ ಮುಂದೆ ನಿಂತು ಪ್ರವಾಸಿಗರಿಗೆ ಅದನ್ನೇ ಹೇಳಿ ನಗಿಸುತ್ತಿದ್ದ, ನಾನೇ ಕೇಳಿದ್ದೇನೆ. ಅಲ್ಲಿರುವುದು ನಂದಿ, ಎಮ್ಮೆಯಲ್ಲ. ಆದರೆ ನಗುವವರಿಗೆ ಅಷ್ಟು ವ್ಯತ್ಯಾಸ ಯಾಕೆ ಬೇಕು. ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಚಿಲ್ಲರೆ ಇಲ್ಲವೆನ್ನುವುದಕ್ಕೂ ಅದೇ ಮಾತು. ನನಗೆ ಮೈ ಉರಿಯಿತು. ಅಕ್ಕ ಮಾತ್ರ, “ನಗ್ಲಿ ಬಿಡೋ. ನಗೂದಕ್ಕ ನಾನೇನು ಸಾಯ್ತೇನೇನು,” ಅಂದಳು. ನಾನು ಅವಳ ಮಾತನ್ನು ನಂಬಿದೆ, ಅವಳೂ ನಿಜವಾಗಿಯೇ ಹೇಳಿದ್ದಳು. ನಗುವುದನ್ನು ಅವಳು ತಡೆದುಕೊಂಡಳು.

ತಡೆಯಲಾರದ್ದು ಆಮೇಲೆ ಬಂತು. ಒಂದು ಮಧ್ಯಾಹ್ನ ಟಿವಿಯಲ್ಲಿ ಆ ಸೋದರತ್ತೆಯ ಗಂಡ ಕೈಮುಗಿದು ಬಾಗಿಲಿಗೆ ಬಂದು ನಿಂತ. ನಾಯಕಿ ಮುಂದೆ ಬಂದಳು. “ಅತ್ತೆ, ಒಂದೇ ಒಂದು ಸಲ ಕ್ಷಮಿಸಿಬಿಡಿ. ಸಂಸಾರ ಅಂದ್ಮೇಲೆ ಇದೆಲ್ಲಾ ಇರುತ್ತೆ.” ಕೊಳಲು ಬಾರಿಸಿದರು. ಅತ್ತೆ ತಲೆಯ ಮೇಲೆ ಸೆರಗು ಹೊದ್ದು ಗಂಡನ ಹಿಂದೆ ಹೋದಳು. ಹೋದವಳೇ ಎಮ್ಮೆಯ ಕೊರಳು ತಬ್ಬಿ ಅತ್ತು, ಹಾಲು ಹಿಂಡಲು ಕೂತಳು. ಎಮ್ಮೆಯ ಹಿಂಗಾಲಿಗೆ ನೇರವಾಗಿ ಕೂತಿದ್ದಳು. ನಿಜವಾಗಿ ಹಿಂಡುವಂತಿದ್ದರೆ ಒಂದು ಒದೆ ಬಿದ್ದು ಧಾರಾವಾಹಿ ಅಲ್ಲಿಗೇ ಮುಗಿಯುತ್ತಿತ್ತು.

ಅಕ್ಕ ಎದ್ದು ಹೋಗಿ ಟಿವಿ ಬಂದ್ ಮಾಡಿದಳು. ಸಂಜೆ ನನ್ನ ಮಗ್ಗದ ಹತ್ತಿರ ಬಂದು ನಿಂತಳು.

“ನಲವತ್ತು ವರ್ಷ ನಾ ಹೋಗದ ಮನಿಗೆ ಅಂವ ನನ್ನ ಕಳಿಸಿಬಿಟ್ಟನಲ್ಲೋ.”

“ಅದು ನೀ ಅಲ್ಲವಾ, ಅದು—”

“ಮಾತು ನಂದು. ಎಮ್ಮಿ ನಂದು. ಹೋಗಾಕಿ ಮಾತ್ರ ಬ್ಯಾರೇದಾಕ್ಯೇನು? ಹುನಗುಂದಕ್ಕ ಹೋಗು. ಅಕಿನ್ನ ಆ ಮನಿಯಿಂದ ಹೊರಗ ಕರಕೊಂಡು ಬಾ ಅಂತ ಹೇಳು. ಮತ್ತೇನೂ ಬ್ಯಾಡ.”

ಹೋದೆ. ಬರಿಯ ಬನಿಯನ್ನಿನಲ್ಲಿ ಕುರ್ಚಿಯ ಮೇಲೆ ಕೂತಿದ್ದ. ಅವನ ಮನೆಯಲ್ಲಿ ಅವನೂ ಕುರ್ಚಿಗೆ ಕರವಸ್ತ್ರ ಹಾಸುವುದಿಲ್ಲ ಎಂದು ಅವತ್ತು ಗೊತ್ತಾಯಿತು.

“ಬಾ ದೋಸ್ತ. ನೋಡಿದಿಲ್ಲ, ಅಕ್ಕನ ಡೈಲಾಗ್ ಹ್ಯಾಂಗ ಹತ್ತೇತಿ? ಅಕಿನ್ನ ಅಮರ ಮಾಡೀನಿ.”

“ಅಕಿನ್ನ ಹೊಳ್ಳಿ ಯಾಕ ಕಳಿಸಿದಿ?”

“ಯಾರ್ನ?”

“ಆ ಅತ್ತಿನ್ನ, ಗಂಡನ ಮನಿಗೆ.”

ನಕ್ಕ. “ಲೇ, ಅದು ಕಥಿ ಮಾರಾಯಾ. ಕಥಿ ನಂದಲ್ಲ. ಅವರು ಕಳಸ್ತಾರ. ನಂದು ಬರೇ ಭಾಷಾ.”

ಅಲ್ಲಿಯತನಕ ಎಲ್ಲವೂ ಅವನದೇ ಆಗಿತ್ತು. ಶಾಲೆಯ ಗ್ಯಾದರಿಂಗಿನಲ್ಲಿ, ಮದುವೆಯ ಪಂಗತಿಯಲ್ಲಿ ‘ನನ್ನ ಧಾರಾವಾಹಿ’ ಎನ್ನುತ್ತಿದ್ದವನು ಉತ್ತರ ಹೇಳಬೇಕಾದ ಒಂದು ಮಾತು ಬಂದ ಕೂಡಲೇ ಬರೇ ಭಾಷೆಯಾಗಿ ಉಳಿದ.

“ಎಮ್ಮಿದೂ ಅವರ ಕಳಿಸಿದ್ರೇನು?”

“ಎಮ್ಮಿದು ನಾ ಹೇಳಿದ್ದೆ. ಅವರಿಗೆ ಭಾಳ ಸೇರಿತು. ಅದರ ಮ್ಯಾಲೇನ ಅತ್ತಿ ಪಾತ್ರಕ್ಕ ಒಂದು ಕಥಿ ಹುಟ್ಟಿತು. ಹುಟ್ಟಿದ ಮ್ಯಾಲೆ ಮುಗಸಬೇಕಲ್ಲೋ? ಗಂಡನ ಮನಿಗೆ ಕಳಿಸಿದ್ರ ಮುಗೀತೈತಿ. ಹೊರಗ ಇಟ್ರ ಮುಗಿಯೂದಿಲ್ಲ. ಜನಾ ಕೇಳ್ತಾರ, ಮುಂದೇನಾತು ಅಂತ.”

“ನಮ್ಮ ಅಕ್ಕಂದು ಮುಗದು ನಲವತ್ತು ವರ್ಷ ಆತು. ಒಂದ ಸೀನು ಸಾಕು. ಕೈ ತೊಳಕೊಂಡು ಬಸ್ ಹತ್ತಿದ್ಲು ಅಂತ. ಮಾತೂ ಬ್ಯಾಡ.”

“ನೋಡೂಣು. ಮಾತಾಡ್ತೇನಿ.”

ಚಾ ತಂದುಕೊಟ್ಟಿದ್ದ ಅವನ ಹೆಂಡತಿ ನಾನು ಹೊರಟಾಗ ಬಾಗಿಲತನಕ ಬಂದರು. ಅವನಿಗೆ ಕೇಳದಂತೆ ಹೇಳಿದರು: “ಅಣ್ಣಾರ, ಅಕ್ಕಾರ ಮುಂದ ಹೇಳ್ರಿ. ನನ್ನ ಮಾತೂ ಎಷ್ಟೋ ಟಿವ್ಯಾಗ ಬಂದಾವು. ಈಗ ಇವರ ಮುಂದ ನಾ ಬರೇ ಹೂಂ, ಉಹೂಂ ಅಂತೇನ್ರಿ.”

ಅವನು ಮಾತಾಡಿದನೋ ಬಿಟ್ಟನೋ ನನಗೆ ಗೊತ್ತಿಲ್ಲ. ಆ ಅತ್ತೆ ಹೊರಗೆ ಬರಲಿಲ್ಲ. ದಿನಾ ಗಂಡನಿಗೆ ತಾಟು ಇಡುತ್ತ, ನಗುತ್ತ ಅಲ್ಲೇ ಇದ್ದಳು. ನಮ್ಮ ಮಗ್ಗದ ಮನೆಯಲ್ಲಿ ಟಿವಿ ಮತ್ತೆ ಹಚ್ಚಲಿಲ್ಲ. ಅದು ದೊಡ್ಡ ಮಾತಲ್ಲ. ಕೊಂಡಿಯ ದಿನ ಅಕ್ಕ ಮಾತು ಬಿಟ್ಟಳು. ನೂಲು ಕೊಡು, ದೀಪ ಹಾಕು, ಇಷ್ಟೇ. ಮಗ್ಗ ನಿಂತ ಮನೆಯಲ್ಲಿ ಅಷ್ಟು ಮಂದಿ ಕೂತು ಏನೂ ಕೇಳಿಸದಿದ್ದರೆ ಹೇಗಿರುತ್ತದೆ ಎಂಬುದನ್ನು ಹೇಳುವುದು ಕಷ್ಟ. ಮಲ್ಲವ್ವ ಒಂದೆರಡು ಸಲ ಕೆಣಕಿ ನೋಡಿದಳು. ಅಕ್ಕ, “ಎಲ್ಲಿ ಯಾರ ಫೋನು ಬೋರಲ ಬಿದ್ದೇತೋ ಏನೋ” ಅಂದಳು. ಅಷ್ಟಕ್ಕೇ ನಿಂತಿತು.

ನಮ್ಮಲ್ಲಿ ಒಂದು ಮೈಗೆ ಬೇರೆ ನೂಲಿನ ಸೆರಗು ಕೂಡಿಸುತ್ತೇವೆ, ಸರಿ. ಆದರೆ ಎಳೆಗೆ ಎಳೆ ಹಿಡಿದು ಕೂಡಿಸುತ್ತೇವೆ, ಒಂದು ಎಳೆಯನ್ನೂ ಕತ್ತರಿಸಿ ಬಿಸಾಕುವುದಿಲ್ಲ. ಅವನು ಅಕ್ಕನ ಸೆರಗಷ್ಟನ್ನೇ ಹರಿದುಕೊಂಡು ಹೋಗಿ ಯಾರದೋ ಮೈಗೆ ಹೊಲಿದ. ಮಾಸ್ತರನಾಗಿ ಎಷ್ಟೋ ಮಕ್ಕಳಿಗೆ ಪದ್ಯದ ಅರ್ಥ ಬಿಡಿಸಿ ಹೇಳಿದವನು.

ಅವನು ಕೊನೆಯ ಸಲ ನಮ್ಮಲ್ಲಿಗೆ ಬಂದದ್ದು ಸನ್ಮಾನದ ಸುದ್ದಿ ಹೊತ್ತು. ಬಾಗಲಕೋಟೆಯಲ್ಲಿ ಅವನಿಗೆ 'ನಾಡಿನ ನುಡಿಯ ರಾಯಭಾರಿ' ಎಂದೋ ಏನೋ ಒಂದು ಬಿರುದು ಕೊಡುವವರಿದ್ದರು. ಕರವಸ್ತ್ರ ಹಾಸಿ ಕೂತ. ಫೋನು ತೆಗೆಯಲಿಲ್ಲ, ಅಷ್ಟು ಬುದ್ಧಿ ಬಂದಿತ್ತು.

“ಅಕ್ಕಾ, ನೀ ಸ್ಟೇಜಿನ ಮ್ಯಾಲೆ ಬರಬೇಕು. ಈಕಿನ ನನಗ ಸ್ಫೂರ್ತಿ ಅಂತ ಹೇಳ್ತೇನಿ. ನಿನಗೂ ಒಂದು ಶಾಲು ಹೊಚ್ಚಸ್ತೇನಿ.”

ಅಕ್ಕ ರಾಟಿ ನಿಲ್ಲಿಸಲಿಲ್ಲ. “ಅಕಿ ಎಲ್ಲಿ ಅದಾಳ ಈಗ?”

“ಯಾರು?”

“ನಿನ್ನ ಟಿವ್ಯಾಗಿನಾಕಿ.”

ಅವನು ನನ್ನ ಮುಖ ನೋಡಿದ. “ಗಂಡನ ಮನ್ಯಾಗ ಅದಾಳ.”

“ಹಂಗಾರ ಶಾಲು ಅಕಿಗೆ ಹೊಚ್ಚಸಪಾ. ಸ್ಟೇಜಿಗೆ ಅಕಿನ್ನ ಕರಿ. ನಾ ಬ್ಯಾರೇದಾಕಿ.”

ಅವನು ನಕ್ಕ, ಯಾರೂ ನಗಲಿಲ್ಲ. ಕರವಸ್ತ್ರ ಮಡಚಿ ಕಿಸೆಗೆ ಹಾಕಿಕೊಂಡು ಎದ್ದ. ಹೊರಗೆ ಬಂದು ನನಗೆ, “ಅಕ್ಕಗ ಕಲಾ ಅಂದ್ರ ಏನು ಅಂತ ತಿಳಿಯೂದಿಲ್ಲ ಬಿಡು,” ಅಂದ. ನಾನು, “ಆಕಿಗೆ ತಿಳಿದಿದ್ದನ್ನ ತಗೊಂಡು ಹೋಗಿ ಹೊಟ್ಟಿ ಹೊರಕೊಂಡೀಯಲ್ಲಲೇ, ನಡಿ,” ಅಂದೆ. ನಮ್ಮಿಬ್ಬರ ನಡುವೆ ಅದೇ ಕಡೆಯ ಮಾತು. ಹಿಂತೆಗೆದುಕೊಳ್ಳಬೇಕೆಂದು ನನಗೆ ಒಮ್ಮೆಯೂ ಅನ್ನಿಸಿಲ್ಲ.

ಆಮೇಲೆ ಧಾರಾವಾಹಿಯೇ ಮುಗಿಯಿತು. ನೋಡುವವರು ಕಡಿಮೆಯಾದರಂತೆ, ಒಂದೇ ವಾರದಲ್ಲಿ ಎಲ್ಲರನ್ನೂ ಒಳ್ಳೆಯವರನ್ನಾಗಿ ಮಾಡಿ ಗ್ರೂಪ್ ಫೋಟೋ ತೆಗೆಸಿದರು. ವಿಷ ಹಾಕಿದವಳೂ ನಗುತ್ತಿದ್ದಳು. ಹಿಂದಿನ ಸಾಲಿನಲ್ಲಿ ಆ ಅತ್ತೆ ಗಂಡನ ಮಗ್ಗುಲಿಗೆ.

ಅವನು ಸತ್ತ ಸುದ್ದಿ ಬಂದಾಗ ಅಕ್ಕನೇ ಹೇಳಿದಳು, “ಮಣ್ಣಿಗೆ ಹೋಗಿ ಬಾ. ಒಂದ ಬೆಂಚಿನ್ಯಾಗ ಕುಂತಾರು.” ಹೋದೆ. ಅವನ ಮನೆಯ ಮುಂದೆ ಆಳೆತ್ತರದ ಫ್ಲೆಕ್ಸು ಕಟ್ಟಿದ್ದರು. ಕೈಕಟ್ಟಿ ನಿಂತ ಅವನ ಫೋಟೋ, ಕೆಳಗೆ ‘ಮತ್ತೆ ಹುಟ್ಟಿ ಬನ್ನಿ ಸರ್’, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಎಮ್ಮಿ ಏನ್ ತಪ್ಪು ಮಾಡಿತ್ತು’. ಹೆಣದ ಮುಂದೆ ಹಾಡುತ್ತಿದ್ದ ಭಜನೆಯವರಲ್ಲಿ ಒಬ್ಬ ಅದನ್ನು ಓದಿ ತುಟಿ ಕಚ್ಚಿ ನಗು ತಡೆಯುತ್ತಿದ್ದ. ಅವನ ಜೀವಮಾನದ ದುಡಿಮೆಯಲ್ಲಿ ಜನರ ಬಾಯಲ್ಲಿ ಉಳಿದದ್ದು ಅದೊಂದೇ ಸಾಲು. ಅದೂ ಅವನದಲ್ಲ.

ಮನೆಗೆ ಬಂದು ಫ್ಲೆಕ್ಸಿನ ವಿಷಯ ಅಕ್ಕನಿಗೆ ಹೇಳಿದೆ. ಬಹಳ ಹೊತ್ತು ರಾಟಿ ತಿರುಗಿಸಿದಳು. “ಕಿವಿ ಚಲೋ ಇತ್ತು ಅವಂದು,” ಅಂದಳು.

ಈ ಪುಸ್ತಕಕ್ಕೆ ಬರೆಯುತ್ತೇನೆ ಎಂದಾಗ ಕೇಳಿದಳು, “ನನ್ನ ಸುದ್ದಿ ಬರ್ತೈತೇನು ಅದರಾಗ?”

“ಬ್ಯಾಡಂದ್ರ ಬಿಡ್ತೇನಿ.”

“ಬರಿ. ಹೆಸರು ಹಾಕಬ್ಯಾಡ. ನಾ ಹೊಳ್ಳಿ ಹೋಗಿಲ್ಲ ಅಂತ ಬರಿ. ಆ ಬೇವೂರಿನ ಮನಷ್ಯಾ ಸತ್ತಾಗೂ ಕರಿಯಾಕ ಬಂದಿದ್ರು, ಆವತ್ತೂ ಹೋಗಿಲ್ಲ ಅಂತ ಬರಿ.”

“ಮತ್ತ?”

“ಮತ್ತೇನೈತಿ. ಅಷ್ಟ ಐತಿ.”

ಹಾಗಾಗಿ ಬರೆದಿದ್ದೇನೆ: ನಮ್ಮ ಅಕ್ಕ ಹೊಳ್ಳಿ ಹೋಗಲಿಲ್ಲ. ಗಂಡ ಸತ್ತಾಗಲೂ ಹೋಗಲಿಲ್ಲ. ಟಿವಿಯಲ್ಲಿ ನೋಡಿದವರು ಇದನ್ನು ಓದಿ ತಿದ್ದಿಕೊಳ್ಳಬೇಕು.

ಇಷ್ಟನ್ನು ನಿನ್ನೆ ಕೊಂಡಿಯ ದಿನ ಎಲ್ಲರ ಮುಂದೆ ಓದಿದೆ. ಬೆರಳು ಓಡಿಸುತ್ತಲೇ ಕೇಳಿದರು. ಓದಿ ಮುಗಿಸಿ ಕಾಗದ ಮಡಚಿದಾಗ ಅಕ್ಕ ತಲೆ ಎತ್ತದೆ ಹೇಳಿದಳು:

“ಭಾಳ ಉದ್ದ ಬರದಿ. ನಿಂದೂ ಒಂದು ಧಾರಾವಾಹಿ ಆತು. ನಡುವ ಸಾಬಾಣ ಒಂದು ಬರಲಿಲ್ಲ, ಅಷ್ಟ.”

ಮಲ್ಲವ್ವ ನಕ್ಕು ಕೊಂಡಿ ತಪ್ಪಿಸಿದಳು. ಎಷ್ಟೋ ತಿಂಗಳಾಗಿತ್ತು, ನಮ್ಮಲ್ಲಿ ಯಾರಾದರೂ ಕೊಂಡಿ ತಪ್ಪಿಸಿ.

ನನ್ನ ಲೆಕ್ಕ ಹೇಳಿ ಮುಗಿಸುತ್ತೇನೆ. ಮಗ್ಗ ಎಂಟು. ಕಲ್ಲಿನ ಗೋಡೆಯ ಸ್ವಂತ ಮನೆ ಒಂದು. ಏಳನೆಯ ಇಯತ್ತೆಯ ಸರ್ಟಿಫಿಕೇಟು ಒಂದು. ವೈರು ಕಿತ್ತ ಟಿವಿ ಒಂದು. ರಾಟಿ ಎರಡು, ಒಂದರ ಮುಂದೆ ಅಕ್ಕ.